ಅಕ್ಕ ಸುತ್ತಿದ ತಂತಿ

ಲಿಫ್ಟ್ ರಿಪೇರಿಯವರ ನಡುವೆ ಅವನಿಗಿದ್ದ ಹೆಸರು ಇನ್ನೊಂದ್ಸಲ. ಕೆಲಸ ಮುಗಿದು, ಸ್ಪ್ಯಾನರುಗಳೆಲ್ಲ ಚೀಲ ಸೇರಿ, ಜೊತೆಯವರು ಕೈಯ ಗ್ರೀಸು ಒರೆಸಿಕೊಳ್ಳುತ್ತ ಚಹಾದ ಮಾತೆತ್ತುವ ಹೊತ್ತಿಗೆ ಸರಿಯಾಗಿ ಇವನು "ತಡೀರಿ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಮತ್ತೆ ಏಣಿ ಹತ್ತುತ್ತಿದ್ದ. ಜೊತೆಯವರು ಮೊದಮೊದಲು ಹಲ್ಲು ಕಡಿದರು, ಆಮೇಲೆ ನಕ್ಕರು, ಕೊನೆಗೆ ಆ ಮಾತನ್ನೇ ಅವನಿಗೆ ಹೆಸರಾಗಿ ಅಂಟಿಸಿಬಿಟ್ಟರು. ಆಫೀಸಿನಲ್ಲಿ ಫೋನು ಎತ್ತುವವಳು ಕೂಡ ಒಮ್ಮೆ ಬಾಯಿ ತಪ್ಪಿ "ಇನ್ನೊಂದ್ಸಲ ಅವರನ್ನೇ ಕಳಿಸ್ತೀವಿ ಸಾರ್" ಎಂದುಬಿಟ್ಟು, ಆ ಕಡೆಯ ಗಿರಾಕಿ "ಒಂದ್ಸಲವೂ ಯಾರೂ ಬಂದಿಲ್ಲವಲ್ಲಮ್ಮ" ಎಂದು ರೇಗಿದ್ದುಂಟು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಲಿಫ್ಟಿನ ಕೆಲಸವೇ ಅಂಥದ್ದು. ಒಂದು ಪಾಲು ಭಾರ ಹೊರಬೇಕಾದ ಕಡೆ ಹತ್ತು ಪಾಲು ಹೊರುವ ಉಕ್ಕಿನ ಹಗ್ಗ ಹಾಕುತ್ತಾರೆ. ಒಂದು ಹಗ್ಗ ಸಾಕಾದ ಕಡೆ ಐದಾರು ಇಳಿಬಿಡುತ್ತಾರೆ. ಎಲ್ಲವೂ ತುಂಡಾದವು ಎಂದುಕೊಂಡರೂ ಜನ ನಿಲ್ಲುವ ಪೆಟ್ಟಿಗೆಯನ್ನು ಕಂಬಿಗೆ ಕಚ್ಚಿ ನಿಲ್ಲಿಸುವ ದವಡೆ ಬೇರೆ ಇರುತ್ತದೆ. ಹದಿಹರೆಯದಲ್ಲಿ ಈ ಕೆಲಸಕ್ಕೆ ಸೇರಿದವನು ಒಂದಕ್ಕೆ ಹತ್ತು ಎಂಬ ಈ ಲೆಕ್ಕವನ್ನು ಅನ್ನದ ಜೊತೆಗೇ ಉಂಡು ಬೆಳೆದ. ಅವನ ಕೈ ತಾಗಿದ ಲಿಫ್ಟುಗಳಲ್ಲಿ ಒಬ್ಬರ ಕಾಲುಗುರಿಗೂ ಪೆಟ್ಟಾಗಿರಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಕೊಚ್ಚಿಕೊಳ್ಳುತ್ತಿರಲಿಲ್ಲ. ಕೊಚ್ಚಿಕೊಂಡರೆ ಎಲ್ಲಿ ಮರುದಿನವೇ ಏನಾದರೂ ಆಗಿಬಿಡುತ್ತದೋ ಎಂದು ಹೆದರಿಕೆ.

ಆದರೆ ಆ ಲೆಕ್ಕ ಲಿಫ್ಟಿನೊಳಗೇ ಉಳಿಯಲಿಲ್ಲ, ಮನೆಯೊಳಗೂ ಕಾಲಿಟ್ಟಿತು. ಗೋಡೆಗೆ ಒಂದು ಕನ್ನಡಿ ತೂಗುಹಾಕಲು ಅವನು ಬಡಿದ ಮೊಳೆಗಳಲ್ಲಿ ಒಂದು ಎಮ್ಮೆಯನ್ನೇ ತೂಗುಹಾಕಬಹುದಿತ್ತು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಿದ್ದ. "ರೀ, ಕಳ್ಳರು ಬಂದ್ರೆ ಆ ಬೀಗ ತಾನಾಗೇ ಕಳಚಿ ಬೀಳುತ್ತೆ, ನೀವು ಎಳೆದೆಳೆದು ಅಷ್ಟು ಸವೆದಿದೆ" ಎನ್ನುತ್ತಿದ್ದಳು ಹೆಂಡತಿ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದ ಅವಳಿಗೆ ಮಾತೂ ಖಡಕ್ಕು, ಇಸ್ತ್ರಿಯೂ ಖಡಕ್ಕು.

ಇಂಥ ಅಂಜುಬುರುಕನಿಗೆ ಮನೆಯಲ್ಲಿ ಮಿಂಚು ಮಾಡುವ ಹುಚ್ಚು ಹೇಗೆ ಹಿಡಿಯಿತೋ, ಅದು ಅವನಿಗೇ ಗೊತ್ತಿಲ್ಲ. ಹಳೆಯ ಕಟ್ಟಡವೊಂದರ ನೆತ್ತಿಯ ಮೇಲಿದ್ದ ನಿಯಾನ್ ಬೋರ್ಡನ್ನು ಇಳಿಸುವಾಗ ಅದರ ಟ್ರಾನ್ಸ್‌ಫಾರ್ಮರು ಗುಜರಿಗೆ ಹೊರಟಿತ್ತು. ಇವನು ಅದನ್ನು ಬೇಡಿ ಮನೆಗೆ ತಂದ. ಒಂದು ತಿಂಗಳು ಮಂಚದ ಕೆಳಗಿಟ್ಟ. ಆಮೇಲೆ ಅದರಿಂದ ಏನೇನು ಮಾಡಬಹುದೆಂದು ಓದಲು ಶುರುಮಾಡಿ, ಕೊನೆಗೆ ಟೆಸ್ಲಾ ಕಾಯಿಲ್ ಎಂಬುದರ ಮುಂದೆ ಬಂದು ನಿಂತ, ಅಲ್ಲಿಂದ ಕದಲಲಿಲ್ಲ.

ಅದರ ಕಟ್ಟು ದೊಡ್ಡ ಗುಟ್ಟೇನಲ್ಲ. ಕೆಳಗೆ ದಪ್ಪ ತಾಮ್ರದ ಕೊಳವೆಯ ಕೆಲವೇ ಸುತ್ತುಗಳು, ಅದು ಪ್ರೈಮರಿ. ಅದರ ನಡುವೆ ನೆಟ್ಟಗೆ ನಿಂತ ಪ್ಲಾಸ್ಟಿಕ್ ಕೊಳವೆ, ಕೊಳವೆಯ ಮೈತುಂಬ ಸಣ್ಣ ತಂತಿಯ ಸಾವಿರದಷ್ಟು ಸುತ್ತು, ಒಂದರ ಪಕ್ಕ ಒಂದು ಒತ್ತಾಗಿ, ಒಂದೇ ಪದರ. ಅದು ಸೆಕೆಂಡರಿ. ತಲೆಯ ಮೇಲೆ ದೊಡ್ಡ ಅಲ್ಯುಮಿನಿಯಂ ಬಳೆ. ಉಯ್ಯಾಲೆಯಲ್ಲಿ ಕೂತವರನ್ನು ಹಿಂದಿನಿಂದ ಸರಿಯಾದ ಹೊತ್ತಿಗೆ ತಳ್ಳುತ್ತ ಹೋದರೆ ಸಣ್ಣ ನೂಕಿಗೂ ಉಯ್ಯಾಲೆ ಮೇಲೆ ಮೇಲೆ ಏರುತ್ತದಲ್ಲ, ಹಾಗೆ ಪ್ರೈಮರಿ ತಳ್ಳುತ್ತದೆ, ಸೆಕೆಂಡರಿ ಏರುತ್ತದೆ. ಏರಿ ಏರಿ ಇನ್ನು ತಡೆಯಲಾರದೆ ಬಳೆಯ ಅಂಚಿನಿಂದ ಮಿಂಚಾಗಿ ಹೊರಗೆ ಹಾರುತ್ತದೆ. ಇಬ್ಬರ ತಾಳವೂ ಕೂಡಬೇಕು, ಅಷ್ಟೇ. ತಾಳ ತಪ್ಪಿದರೆ ಜಪ್ಪಯ್ಯ ಎಂದರೂ ಕಿಡಿ ಬರುವುದಿಲ್ಲ.

ಮೊದಲು ಅವನು ಮಾಡಿದ್ದು ಪುಟಾಣಿ ಕಾಯಿಲ್. ಹೆಬ್ಬೆರಳುದ್ದ ಕಿಡಿ ಬಿತ್ತು. ಅದನ್ನು ಮೊದಲು ನೋಡಲು ಬಂದವಳು ಅಕ್ಕ.

ಅಕ್ಕನ ವಿಷಯ ಇಲ್ಲಿ ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ ಅವನ ಬದುಕಿನಲ್ಲಿ ಅವಳದು ತಾಯಿಯ ಜಾಗ. ತಾಯಿ ತೀರಿಕೊಂಡಾಗ ಇವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಅಕ್ಕ ಶಾಲೆ ಬಿಟ್ಟು ಹೊಲಿಗೆ ಕಲಿತಳು, ಇವನಿಗೆ ಉಣಿಸಿ, ಬೈದು, ಬೆಳೆಸಿ, ತಾನು ಮಾತ್ರ ಮದುವೆಯ ಮಾತೆತ್ತಿದವರ ಅಳತೆ ತೆಗೆದು ಬಟ್ಟೆ ಹೊಲಿದು ಕಳಿಸಿದಳೇ ಹೊರತು ಹೂಂ ಅನ್ನಲಿಲ್ಲ. ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ, ಮೋಟಾರಿನ ಎರಡು ಹೊಲಿಗೆ ಮೆಷಿನ್ನು, ಕತ್ತರಿಸುವ ಮೇಜು, ಹಿಂದೆ ಎತ್ತರದ ಮಾಡಿನ ಒಂದು ಉಗ್ರಾಣ. ಅವಳು ಹೊಲಿದ ಕಾಲರು ಬಟ್ಟೆ ಹರಿದರೂ ಬಾಗುತ್ತಿರಲಿಲ್ಲ ಎನ್ನುತ್ತಿದ್ದರು ಗಿರಾಕಿಗಳು. ನಾಲಿಗೆಯೂ ಹಾಗೇ.

ಆ ದಿನ ಇವನು ಕಾಯಿಲ್ ಹಚ್ಚಿ, ಒಂದು ಟ್ಯೂಬ್‌ಲೈಟನ್ನು ಅವಳ ಕೈಗೆ ಕೊಟ್ಟ. ತಂತಿಯಿಲ್ಲ, ಸ್ವಿಚ್ಚಿಲ್ಲ, ಕೈಯಲ್ಲೇ ಟ್ಯೂಬು ಜಗ್ ಎಂದು ಹೊತ್ತಿಕೊಂಡಿತು. ಅಕ್ಕ ಬೆಚ್ಚಿದಳು, ಬಿಡಲಿಲ್ಲ. ಹತ್ತಿರ ಹೋದಳು, ದೂರ ಬಂದಳು, ಟ್ಯೂಬನ್ನು ಪೊರಕೆಯ ಹಾಗೆ ಹಿಡಿದು ಕೋಣೆಯ ಮೂಲೆ ಮೂಲೆಯಲ್ಲಿ ಆಡಿಸಿದಳು. ಜೀವಮಾನವಿಡೀ ಕೆಲಸದಲ್ಲೇ ಮುಖ ಹುದುಗಿಸಿದ್ದವಳು ಅಂದು ನಕ್ಕ ನಗುವನ್ನು ಅವನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಲೋ, ಇದೇನೋ ಬೆಂಕಿಕಡ್ಡಿ ಗೀರಿದಷ್ಟು? ದೊಡ್ಡದು ಮಾಡು. ಆಳುದ್ದ ಮಿಂಚು ಬರಬೇಕು. ಹಚ್ಚೋ ದಿನ ಮೊದಲು ನನ್ನನ್ನ ಕರೀಬೇಕು."

"ಕರೀತೀನಿ ಅಕ್ಕ."

ಕರೆಯುವುದಾಗಿ ಹೇಳಿ ವರ್ಷಗಳೇ ಉರುಳಿದವು. ಉಗ್ರಾಣವನ್ನು ಅಕ್ಕ ಖಾಲಿ ಮಾಡಿಸಿಕೊಟ್ಟಳು. ಟ್ರಾನ್ಸ್‌ಫಾರ್ಮರುಗಳು ಸೇರಿದವು, ಪ್ರೈಮರಿಯ ತಾಮ್ರದ ಕೊಳವೆ ಬಂತು, ತಲೆಯ ಬಳೆಯೂ ತಯಾರಾಯಿತು. ಸಿಕ್ಕಿಕೊಂಡದ್ದು ಸೆಕೆಂಡರಿಯ ಬಳಿ. ಎಷ್ಟು ದಪ್ಪದ ತಂತಿ, ಎಷ್ಟು ಅಗಲದ ಕೊಳವೆ, ಎಷ್ಟು ಸುತ್ತು, ಇವಿಷ್ಟನ್ನು ಅವನು ತೀರ್ಮಾನಿಸಬೇಕಿತ್ತು. ಕೆಲಸದಿಂದ ಬಂದವನೇ ಹಾಳೆ ಬಿಡಿಸಿ ಕೂರುತ್ತಿದ್ದ.

ಅವನೊಳಗಿದ್ದ ಲಿಫ್ಟಿನವನು ಅಲ್ಲಿ ಎದ್ದು ಬರುತ್ತಿದ್ದ. ಓದಿದ ಕಡೆಯೆಲ್ಲ ಒಂದು ಮಿಲಿಮೀಟರಿಗಿಂತ ತುಸು ದಪ್ಪದ ತಂತಿ ಸಾಕೆಂದಿತ್ತು. ಸಾಕು ಎಂಬ ಮಾತನ್ನು ಅವನ ಕಿವಿ ಒಪ್ಪುವುದೇ ಇಲ್ಲ. ಸಣ್ಣದಾದರೆ ಸುಟ್ಟುಹೋದೀತು, ದುಪ್ಪಟ್ಟು ದಪ್ಪ ಇರಲಿ ಎಂದು ಹಾಳೆಯಲ್ಲಿ ಬರೆದ. ತಂತಿ ದಪ್ಪವಾದದ್ದರಿಂದ ಸಾವಿರ ಸುತ್ತಿಗೆ ಕೊಳವೆ ಉದ್ದವಾಯಿತು. ಉದ್ದ ಕೊಳವೆ ಅಲ್ಲಾಡಬಾರದೆಂದು ಅಗಲವಾಯಿತು. ಸುತ್ತಿನಿಂದ ಸುತ್ತಿಗೆ ಕಿಡಿ ಹಾರಬಾರದೆಂದು ನಡುವೆ ಸಂದು ಬಿಟ್ಟ, ಕೊಳವೆ ಮತ್ತೂ ಉದ್ದವಾಯಿತು. ಅಷ್ಟು ದೊಡ್ಡದಕ್ಕೆ ಇದ್ದ ಪ್ರೈಮರಿ ಹೊಂದಲಿಲ್ಲ, ತಾಳ ಎಲ್ಲೋ ಹೋಯಿತು. ಹೊಸ ಪ್ರೈಮರಿ ಬೇಕಾಯಿತು, ಅದಕ್ಕೆ ವಿದ್ಯುತ್ತು ಕೂಡಿಡುವ ಹೊಸ ಕೆಪಾಸಿಟರುಗಳು ಬೇಕಾದವು. ಅಲ್ಲಿಗೆ ಹಾಳೆ ತುಂಬಿತು. ಮಡಚಿಟ್ಟು ಹೊಸ ಹಾಳೆಯಲ್ಲಿ ಮೊದಲಿನಿಂದ ಶುರು.

ಒಂದು ಸಲ ಮಾತ್ರ ಧೈರ್ಯ ಮಾಡಿ, ಆಗಿನ ಹಾಳೆಯ ಲೆಕ್ಕಕ್ಕೆ ತಕ್ಕ ಕೊಳವೆಯನ್ನು ಕೊಳಾಯಿ ಕೆಲಸದ ಸ್ನೇಹಿತನಿಂದ ತಂದು ಉಗ್ರಾಣದಲ್ಲಿ ನಿಲ್ಲಿಸಿದ. ಮುಂದಿನ ಹಾಳೆಯ ಲೆಕ್ಕಕ್ಕೆ ಅದು ಚಿಕ್ಕದಾಯಿತು. ಬೋಳು ಕೊಳವೆ ಹಾಗೇ ನಿಂತಿತು. ಅಕ್ಕ ಹೊಲಿದು ಮುಗಿಸಿದ ಕೋಟುಗಳನ್ನು ಅದಕ್ಕೆ ತೂಗುಹಾಕತೊಡಗಿದಳು. "ನಿನ್ನ ಮಿಂಚಿಗೆ ತೋಳು ತುಸು ಬಿಗಿಯಾಗುತ್ತೆ ನೋಡು" ಎಂದು ಅವನನ್ನು ಕಿಚಾಯಿಸುತ್ತಿದ್ದಳು. ಅವನು ಹೆ ಹೆ ಎಂದು ತಲೆ ಕೆರೆದುಕೊಳ್ಳುತ್ತಿದ್ದ.

ಅಕ್ಕನ ಕಣ್ಣಿನ ಸುದ್ದಿ ತಂದವಳು ಹೆಂಡತಿ. "ಅತ್ತಿಗೆ ನಿನ್ನೆ ಜೇಬನ್ನ ಅಂಗಿಯ ಒಳಮೈಗೆ ಹೊಲಿದಿದ್ದಾರೆ. ಗಿರಾಕಿ ತಮಾಷೆ ಅಂದುಕೊಂಡು ನಕ್ಕ. ಅವರು ನಗಲಿಲ್ಲ ರೀ." ಅವನು ಮರುದಿನವೇ ರಜೆ ಹಾಕಿ ಅಕ್ಕನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ದೀಪ ಬಿಟ್ಟು ನೋಡಿದರು, ಚಿತ್ರ ತೆಗೆದರು, ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ ಎಂದರು. ಒಂದು ಕಣ್ಣಿನಲ್ಲಿ ಆಗಲೇ ಹೋಗಿದೆ, ಇನ್ನೊಂದರಲ್ಲೂ ಶುರುವಾಗಿದೆ, ಹೋದದ್ದು ವಾಪಸ್ಸು ಬರುವುದಿಲ್ಲ. ಡಾಕ್ಟರು ಆಮೇಲೆಯೂ ಒಂದಷ್ಟು ಹೊತ್ತು ಸಮಾಧಾನದಿಂದ ಏನೇನೋ ವಿವರಿಸಿದರು. ಇವನ ತಲೆ ಮಾತ್ರ ವಾಪಸ್ಸು ಬರುವುದಿಲ್ಲ ಎಂಬಲ್ಲಿಗೆ ನಿಂತುಹೋಗಿತ್ತು. ಅಕ್ಕ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು.

ಮೆಟ್ಟಿಲಿಳಿಯುವಾಗ ಅವಳು ಕಂಬಿ ಹಿಡಿದು ನಿಂತಳು. ಅಳುತ್ತಾಳೇನೋ ಎಂದು ಅವನು ಹತ್ತಿರ ಹೋದ.

"ಲೋ, ಆ ಮಿಂಚು ಎಲ್ಲಿಗೆ ಬಂತು?"

"ಅಕ್ಕ, ಅದಿರಲಿ ಈಗ…"

"ಯಾಕಿರಲಿ? ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ ನನಗೆ, ಅದನ್ನ ಯಾರೂ ವಾಪಸ್ ಕೊಡಲ್ಲ. ನೀನು ಕೊಡ್ತೀನಿ ಅಂದಿದ್ದನ್ನಾದ್ರೂ ಕೊಡು. ಕಣ್ಣಲ್ಲಿ ಇನ್ನೂ ಏನೋ ಸ್ವಲ್ಪ ಉಳಿದಿದೆ. ಅಷ್ಟರೊಳಗೆ ತೋರಿಸಿಬಿಡು."

ಅವನು ತೋರಿಸುತ್ತೇನೆ ಎಂದ. ಈ ಸಲ ಕೈ ಹಿಡಿದು ಹೇಳಿದ.

ಈಗಲಾದರೂ ತಂತಿ ತಂದು ಸುತ್ತಲು ಕೂರಬೇಕಲ್ಲ? ಪುಣ್ಯಾತ್ಮ ಮತ್ತೆ ಹಾಳೆ ಬಿಡಿಸಿ ಕೂತ. ಮೊದಲಾದರೆ ಕಾಯಿಲ್ ಸುಟ್ಟರೆ ಸುಟ್ಟಿತು, ಇನ್ನೊಂದು ಮಾಡಿಕೊಂಡರಾಯಿತು. ಈಗ ಅಕ್ಕನ ಕಣ್ಣೆದುರು ಅದು ಕೈಕೊಟ್ಟರೆ? ಇನ್ನೊಂದು ಮಾಡುವ ಹೊತ್ತಿಗೆ ಕಣ್ಣೇ ಇಲ್ಲದಿದ್ದರೆ? ಹೀಗೆ ಹೆದರಿ ತಂತಿಯನ್ನು ಮತ್ತಷ್ಟು ದಪ್ಪ ಮಾಡಿದ. ಕೊಳವೆ ಉಗ್ರಾಣದ ಮಾಡು ಮುಟ್ಟಿತು. ಮಾಡಿನ ಎರಡು ತಗಡು ಬಿಚ್ಚಿದರೆ ಹೇಗೆ ಎಂದು ಅವನು ಹೆಂಡತಿಯನ್ನು ಕೇಳಿದ ದಿನ, ಅವಳು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟು ಅತ್ತಿಗೆಯನ್ನು ಕರೆದುಕೊಂಡು ಬಂದಳು.

ಅಕ್ಕ ಬಂದು ಅವನ ಎದುರು ಕುರ್ಚಿ ಎಳೆದುಕೊಂಡಳು. ಹಾಳೆಯನ್ನು ಓದಲು ಅವಳಿಗೆ ಆಗುತ್ತಿರಲಿಲ್ಲ. ಅವನೇ ಹೇಳುತ್ತ ಹೋದ: ತಂತಿ ಇಷ್ಟು, ಸುತ್ತು ಇಷ್ಟು, ಎತ್ತರ ಇಷ್ಟು. ಅವಳು ಕೊನೆಯವರೆಗೂ ಕೇಳಿದಳು.

"ಅಷ್ಟು ದಪ್ಪ ತಂತಿ ಯಾಕೆ?"

"ಒಂದಕ್ಕೆ ಹತ್ತು ಇರಬೇಕಲ್ಲ ಅಕ್ಕ. ತುಂಡಾಗಬಾರದು."

"ತುಂಡಾದ್ರೆ ಯಾರು ಬೀಳ್ತಾರೆ?"

"ಏನು?"

"ಇದರಲ್ಲಿ ಯಾರು ಹತ್ತಿರ್ತಾರೆ? ತುಂಡಾದ್ರೆ ಯಾರು ಕೆಳಗೆ ಬೀಳ್ತಾರೆ ಅಂತ ಕೇಳ್ತಿದ್ದೀನಿ."

ಅವನು ಹಾಳೆ ನೋಡಿದ. ಮೂವತ್ತು ವರ್ಷ ಕೈಯಲ್ಲಿ ಹಗ್ಗ ಹಿಡಿದವನಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

"ಯಾರೂ ಇಲ್ಲ" ಎಂದ ಕೊನೆಗೆ.

"ಮತ್ತೆ?"

ಬಾಗಿಲಿಗೊರಗಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಅವನಿಗೂ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಎಷ್ಟು ವರ್ಷ ದಂಡ ಮಾಡಿಬಿಟ್ಟೆ ಎಂಬುದು ಆಗ ಅವನಿಗೆ ತಿಳಿಯಿತು. ಅಕ್ಕನ ಎರಡು ಕಣ್ಣೂ ಸರಿಯಿದ್ದ ವರ್ಷಗಳು ಅವು.

ಅವನು ಹೊಸ ಹಾಳೆ ತೆಗೆಯಲಿಲ್ಲ. ಅದೇ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದ. ಉಗ್ರಾಣದಲ್ಲಿ ಕೋಟು ಹೊತ್ತು ನಿಂತಿದ್ದ ಆ ಹಳೆಯ ಕೊಳವೆಯೇ ಸಾಕು. ಒಂದಡಿ ಅಗಲ, ಅದರ ನಾಲ್ಕೂವರೆ ಪಟ್ಟು ಎತ್ತರಕ್ಕೆ ಸುತ್ತು. ಒಂದು ಮಿಲಿಮೀಟರಿಗೆ ತುಸು ಮೇಲಿನ ಎನಾಮಲ್ ತಂತಿ, ಸಂದಿಲ್ಲದೆ ಒತ್ತಾಗಿ, ಸಾವಿರದ ಆಸುಪಾಸು ಸುತ್ತು. ಇದ್ದ ಪ್ರೈಮರಿಗೆ ತಾಳ ಕೂಡಿತು. ಜನರ ಪಾಲಿನ ಎಚ್ಚರಿಕೆಯಲ್ಲಿ ಮಾತ್ರ ಅವನು ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಸುತ್ತಲೂ ಆಳೆತ್ತರದ ಜಾಲರಿ, ನೆಲಕ್ಕೆ ಆಳವಾಗಿ ಹೊಡೆದ ಅರ್ತಿಂಗ್ ಸಲಾಕೆ, ಬಾಗಿಲ ಬಳಿ ಒಂದೇ ಏಟಿಗೆ ಎಲ್ಲ ಆರಿಸುವ ಸ್ವಿಚ್ಚು. ಅಲ್ಲಿ ಬೇಕಾದರೆ ಒಂದಕ್ಕೆ ಇಪ್ಪತ್ತು ಇರಲಿ ಎಂದ.

ಸುತ್ತುವುದು ಹೇಗೆಂದೂ ಅವನು ಯೋಚಿಸಿಟ್ಟಿದ್ದ. ಕಳಚಿ ಹಾಕಿದ ಲಿಫ್ಟೊಂದರ ಬಾಗಿಲು ತೆರೆಯುವ ಮೋಟಾರು ಅವನಲ್ಲಿತ್ತು. ಕೊಳವೆಯನ್ನು ಎರಡು ಕಟ್ಟೆಗಳ ಮೇಲೆ ಅಡ್ಡ ಮಲಗಿಸಿ, ಆ ಮೋಟಾರಿನಿಂದ ನಿಧಾನ ತಿರುಗಿಸುತ್ತ, ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಂತಿ ಹಾಯಿಸುವುದು. ಮೊದಲ ಹದಿನೈದು ಸುತ್ತಿಗೇ ಹೈರಾಣಾದ. ಮೋಟಾರು ನಿಂತರೆ ಜಗ್ಗಿ ನಿಲ್ಲುತ್ತಿತ್ತು, ಹೊರಟರೆ ಎಗರಿ ಹೊರಡುತ್ತಿತ್ತು, ತಂತಿ ಒಂದರ ಮೇಲೊಂದು ಹತ್ತಿ ಕೂರುತ್ತಿತ್ತು. ಅಕ್ಕ ಪಕ್ಕದಲ್ಲಿ ಕೂತು ಆ ಸದ್ದನ್ನೇ ಕೇಳುತ್ತಿದ್ದಳು.

"ಏಳು. ನನ್ನ ಮೆಷಿನ್ ಪೆಡಲ್ ತಂದು ಅದಕ್ಕೆ ಜೋಡಿಸು" ಎಂದಳು.

ಹೊಲಿಗೆ ಮೆಷಿನ್ನಿನ ಪೆಡಲು ಬಂದು ಕೂತದ್ದೇ ಆ ಮೋಟಾರಿನ ಸ್ವಭಾವವೇ ಬದಲಾಯಿತು. ಅಕ್ಕನ ಪಾದ ಅದನ್ನು ಒತ್ತುತ್ತಿತ್ತೋ ಇಲ್ಲವೋ ಎಂಬಷ್ಟು ಹಗುರ. ಕೊಳವೆ ನಿದ್ದೆಯಲ್ಲಿ ಮಗ್ಗುಲಾದ ಹಾಗೆ ತಿರುಗಿತು. ಎಡಗೈಯಲ್ಲಿ ಉಣ್ಣೆಬಟ್ಟೆಯ ತುಂಡಿನ ನಡುವೆ ತಂತಿ ಹಿಡಿದಳು, ಬಲಗೈ ಹೆಬ್ಬೆರಳನ್ನು ಸುತ್ತು ಬಂದು ಕೂರುವ ಜಾಗದ ಮೇಲಿಟ್ಟಳು. ಜೀವನವಿಡೀ ಬಟ್ಟೆಯ ಅಂಚನ್ನು ಸೂಜಿಯ ಕೆಳಗೆ ಹಾಯಿಸಿದ ಹೆಬ್ಬೆರಳು ಅದು. ಒಂದು ಸುತ್ತು ಇನ್ನೊಂದಕ್ಕೆ ಒತ್ತಿ ಕೂತಿತೋ, ಕೂದಲೆಳೆಯ ಸಂದು ಬಿಟ್ಟಿತೋ ಅದಕ್ಕೆ ಗೊತ್ತಾಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡೇ ಸುತ್ತಿದಳು.

ಅವನಿಗೆ ಉಳಿದದ್ದು ತಂತಿಯ ಉರುಳೆ ಹಿಡಿದು ಎದುರು ಕೂರುವ ಕೆಲಸ. ಅಷ್ಟು ಹೊತ್ತು ಅಕ್ಕನ ಮುಂದೆ ಸುಮ್ಮನೆ ಕೂತು ಅವನಿಗೆ ಎಷ್ಟೋ ಕಾಲವಾಗಿತ್ತು. ಅವಳು ಮಾತಾಡುತ್ತ ಹೋದಳು. ಅವನ ಶಾಲೆಯ ಮೊದಲ ಚಡ್ಡಿಯನ್ನು ಪರದೆಯ ಬಟ್ಟೆಯಲ್ಲಿ ಹೊಲಿದದ್ದು, ಅದರ ಹಿಂಭಾಗದಲ್ಲಿ ಸರಿಯಾಗಿ ಒಂದು ದೊಡ್ಡ ಹೂವು ಬಂದು ಕೂತದ್ದು, ಅವನು ಇಡೀ ದಿನ ಗೋಡೆಗೆ ಬೆನ್ನು ಕೊಟ್ಟು ನಿಂತದ್ದು. ಇಬ್ಬರೂ ನಕ್ಕರು. ನಗುತ್ತಿದ್ದಾಗಲೇ ಒಂದು ಸುತ್ತು ಹಾರಿ ಹಿಂದಿನದರ ಮೇಲೆ ಕೂತಿತು.

ಅವನು ಅದನ್ನು ಕಂಡ. "ಅಕ್ಕ, ನಿಲ್ಲಿಸು! ಎಲ್ಲ ಬಿಚ್ಚೋಣ, ಮೊದಲಿಂದ…"

ಅಕ್ಕನ ಪಾದ ಅವನು ಬಾಯಿ ತೆರೆಯುವ ಮೊದಲೇ ನಿಂತಿತ್ತು. "ಒಂದು ಟಾಕಾ ತಪ್ಪಿದ್ರೆ ಇಡೀ ಅಂಗಿ ಬಿಚ್ಚುವವನು ನಮ್ಮ ಕಸುಬಲ್ಲಿ ಉಪವಾಸ ಸಾಯ್ತಾನೆ" ಎಂದು, ಕೈಯಿಂದಲೇ ಕೊಳವೆಯನ್ನು ಹಿಂದಕ್ಕೆ ತಿರುಗಿಸಿ, ಎರಡು ಸುತ್ತು ಬಿಚ್ಚಿ, ಹೆಬ್ಬೆರಳಿನಿಂದ ನೇವರಿಸಿ ಮತ್ತೆ ಕೂರಿಸಿದಳು. ಅವನು ಟಾರ್ಚು ಹಿಡಿದು ಹುಡುಕಿದರೂ ತಪ್ಪಿದ್ದು ಎಲ್ಲಿ ಎಂದು ಸಿಗಲಿಲ್ಲ. ಮರುದಿನ ಮಧ್ಯಾಹ್ನದ ಊಟಕ್ಕೆ ಮೊದಲು ಕೊಳವೆ ತುದಿಯಿಂದ ತುದಿಗೆ ಹೊಳೆಯುವ ತಾಮ್ರ ಉಟ್ಟು ಮಲಗಿತ್ತು.

ಉಳಿದದ್ದು ವಾರ್ನಿಷ್. ಒಂದು ಲೇಪ ಬಳಿದು ಒಣಗಿಸಬೇಕು, ಮತ್ತೆ ಬಳಿಯಬೇಕು. ನಾಲ್ಕಾಯಿತು. ಅವನು ಐದನೆಯದಕ್ಕೆ ಡಬ್ಬಿಯ ಮುಚ್ಚಳ ತೆಗೆದ. ಅದೇ ದಿನ ಹೆಂಡತಿ ಅಂಗಡಿಯಿಂದ ಬಂದವಳು, ಅತ್ತಿಗೆ ಅಳತೆ ಪಟ್ಟಿಯ ಅಂಕಿಯನ್ನು ತನ್ನಿಂದ ಓದಿಸಿಕೊಂಡರು, ಆಮೇಲೆ ಪಟ್ಟಿಯನ್ನು ಸುರುಳಿ ಸುತ್ತಿ ಮೇಜಿನ ಖಾನೆಗೆ ಹಾಕಿ ಖಾನೆ ಮುಚ್ಚಿದರು, ನಾಳೆಯಿಂದ ಹೊಸ ಬಟ್ಟೆ ತೆಗೆದುಕೊಳ್ಳಲ್ಲ ಅಂದರು ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಕುಂಚವನ್ನು ಕೆಳಗಿಟ್ಟು ಡಬ್ಬಿಯ ಮುಚ್ಚಳ ಹಾಕಿದ. ಇನ್ನು ಹತ್ತು ಲೇಪ ಹಾಕಿದರೂ ತನ್ನ ಹೆದರಿಕೆ ಒಣಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಕಾಯಿಲನ್ನು ನಿಲ್ಲಿಸಿದರು, ಬಳೆ ಏರಿಸಿದರು. ಸಣ್ಣ ಮೀಟರಿಟ್ಟು ಅವನು ಪ್ರೈಮರಿಯ ತಾಳ ಹೊಂದಿಸಿದ. ಮುಸ್ಸಂಜೆಯಲ್ಲಿ ಉಗ್ರಾಣದ ಕಿಟಕಿಗೆ ಅಕ್ಕನ ಅಂಗಡಿಯ ಕಪ್ಪು ಕೋಟಿನ ಬಟ್ಟೆ ಕಟ್ಟಿದರು. ಜಾಲರಿಯಿಂದ ಎಷ್ಟೋ ಹೆಜ್ಜೆ ಹಿಂದೆ ಕುರ್ಚಿ ಹಾಕಿ ಅಕ್ಕನನ್ನು ಕೂರಿಸಿದ. ಕುರ್ಚಿ ಕಾಯಿಲ್‌ಗೆ ನೇರ ಎದುರಾಗಿ ಇರುವಂತೆ ಎರಡು ಸಲ ಸರಿಸಿದ. ಸ್ವಿಚ್ಚಿನ ಬಳಿ ಹೆಂಡತಿ. ಅರ್ತಿಂಗ್ ನೋಡಿದ, ಜಾಲರಿ ಎಳೆದು ನೋಡಿದ.

"ಕಾಣುತ್ತಾ ಅಕ್ಕ ಅಲ್ಲಿಂದ?" ಎಂದು ಕೇಳಿದ.

"ಮೊದಲು ಹಚ್ಚೋ" ಎಂದಳು ಅಕ್ಕ.

ಅವನು ಹೆಂಡತಿಗೆ ತಲೆಯಾಡಿಸಿದ. ಸ್ವಿಚ್ಚು ಬಿತ್ತು.

ಗಟ್ಟಿ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದಂಥ ಸದ್ದು. ಬಳೆಯ ಅಂಚಿನಿಂದ ಮಿಂಚು ಎದ್ದು ಬಂತು, ಆಳುದ್ದ, ಬಿಳಿಯೂ ನೇರಳೆಯೂ ಆಗಿ ಕವಲೊಡೆದು, ಗಾಳಿಯಲ್ಲಿ ತಡಕಾಡಿ, ಜಾಲರಿಯ ಕಡೆಗೆ ಚಾಚಿ, ಹಿಂದಕ್ಕೆ ಸೆಳೆದುಕೊಂಡು, ಮತ್ತೆ ಚಾಚಿತು. ಉಗ್ರಾಣದ ಗೋಡೆಗಳೆಲ್ಲ ನಡುಗಿದ ಹಾಗೆ ಕಂಡವು. ಹೆಂಡತಿ "ಅಬ್ಬಾ!" ಎಂದಳು. ತಂತಿ ಸುಡಲಿಲ್ಲ, ಸುತ್ತಿನಿಂದ ಸುತ್ತಿಗೆ ಒಂದು ಕಿಡಿಯೂ ಹಾರಲಿಲ್ಲ. ಅವನು ಅಕ್ಕನ ಮುಖ ನೋಡಲೆಂದು ಆಸೆಯಿಂದ ತಿರುಗಿದ.

ಅಕ್ಕ ಕಾಯಿಲ್ ಕಡೆ ನೋಡುತ್ತಲೇ ಇರಲಿಲ್ಲ. ಮುಖವನ್ನು ಬಲಕ್ಕೆ ಹೊರಳಿಸಿಕೊಂಡು, ಏನೂ ಇಲ್ಲದ ಬೋಳು ಗೋಡೆಯನ್ನು ನೋಡುತ್ತ ಕೂತಿದ್ದಳು.

ತಡವಾಯಿತು, ಮಿಂಚು ಎಲ್ಲಿದೆ ಎಂಬುದೂ ಅವಳಿಗೆ ತಿಳಿಯುತ್ತಿಲ್ಲ, ತಾನೇ ತಡ ಮಾಡಿದೆ ಎಂದುಕೊಂಡು ಅವನು ಹೆಂಡತಿಗೆ ನಿಲ್ಲಿಸಲು ಕೈ ಬೀಸಿದ. ಸ್ವಿಚ್ಚು ಆರಿತು. ಕಿವಿಯಲ್ಲಿ ಮೌನ ಗುಂಯ್‌ಗುಟ್ಟಿತು.

"ಯಾಕೋ ನಿಲ್ಲಿಸಿದೆ?" ಎಂದಳು ಅಕ್ಕ ಸಿಡುಕಿ.

ಅವನು ಅವಳ ಮುಂದೆ ಹೋಗಿ ಮಂಡಿಯೂರಿದ. "ಅಕ್ಕ… ಅದು ಈ ಕಡೆ ಇದೆ. ನೀನು ಗೋಡೆ ನೋಡ್ತಿದ್ದೀಯ."

"ಗೊತ್ತು. ಗೋಡೆ ನೋಡಿದ್ರೇ ಅದು ಕಾಣೋದು. ನೇರಳೆ ಬಣ್ಣ, ಬುಡದಲ್ಲಿ ಬಿಳಿ. ಮೂರು ಕವಲು ಒಡೀತು, ಒಂದು ಜಾಲರಿ ಮುಟ್ಟೋಕೆ ಬಂದು ಹೆದರಿ ವಾಪಸ್ ಹೋಯ್ತು, ನಿನ್ನ ಹಾಗೇ. ನೇರ ನೋಡಿದ್ರೆ ನಡುವೆ ಮಸಿ ಬಳಿದ ಹಾಗಿರುತ್ತೆ. ಪಕ್ಕಕ್ಕೆ ತಿರುಗಿದ್ರೆ ಅಂಚಲ್ಲಿ ಬರುತ್ತೆ. ಅಂಚು ಉಳಿಯುತ್ತೆ, ಹಾಗೇ ನೋಡೋದು ಅಭ್ಯಾಸ ಮಾಡ್ಕೊಳ್ಳಿ ಅಂತ ಡಾಕ್ಟರ್ ಹೇಳಿದ್ರಲ್ಲ. ನೀನೂ ಅಲ್ಲೇ ಕೂತಿದ್ದೆ."

ಹೌದು, ಕೂತಿದ್ದ. ಒಂದಕ್ಷರವೂ ಕೇಳಿಸಿಕೊಂಡಿರಲಿಲ್ಲ.

"ಹಾಗಾದ್ರೆ… ನಾನು? ನಾನು ಕಾಣ್ತೀನಾ?"

"ನೀನು ಹೀಗೆ ಎದುರಿಗೆ ಬಂದು ಕೂತ್ರೆ ಅಂಗಿ ಕಾಣುತ್ತೆ. ಮೇಲೆ ಮುಖ ಇರಲ್ಲ" ಎಂದಳು ಅಕ್ಕ.

ಅಂದರೆ ಅಷ್ಟು ಹೊತ್ತು ಉರುಳೆ ಹಿಡಿದು, ಅವಳಿಗೆ ಚೆನ್ನಾಗಿ ಕಾಣಲಿ ಎಂದೇ ನೇರ ಎದುರಿಗೆ, ಮುಖವನ್ನು ಹತ್ತಿರ ಹತ್ತಿರ ತಂದು ಅವನು ಕೂತದ್ದು ಕಣ್ಮರೆಯಾಗಿ ಕೂತಂತೆ. ಆಸ್ಪತ್ರೆಯಿಂದ ಬಂದಂದಿನಿಂದಲೂ ಹಾಗೇ ಕೂರುತ್ತಿದ್ದ. ಪಕ್ಕಕ್ಕೆ ಸರಿ ಎಂದು ಅವಳು ಒಂದು ದಿನವೂ ಹೇಳಿರಲಿಲ್ಲ. ತಮ್ಮ ಅಷ್ಟು ಹತ್ತಿರ ಬಂದು ಕೂರುತ್ತಾನಲ್ಲ, ಅದು ತಪ್ಪಿಹೋಗುವುದು ಅವಳಿಗೆ ಬೇಡವಾಗಿತ್ತು.

"ಎಲ್ಲಿ ನಿಂತ್ರೆ ಕಾಣ್ತೀನಿ ಅಕ್ಕ?"

ಅಕ್ಕ ಕೈ ಚಾಚಿ ಅವನ ತೋಳು ಹುಡುಕಿ ಹಿಡಿದಳು. ತಾನೂ ಎದ್ದು ಅವನನ್ನು ಎಬ್ಬಿಸಿದಳು. ತನ್ನ ಎಡಕ್ಕೆ ಎಳೆದಳು, ಇನ್ನೊಂದಿಷ್ಟು ಎಳೆದಳು, ತುಸು ಹಿಂದಕ್ಕೆ ತಳ್ಳಿದಳು. ಅಂಗಿಯ ಭುಜ ಸರಿ ಕೂರಿಸುವಾಗ ಗಿರಾಕಿಯನ್ನು ನಿಲ್ಲಿಸುತ್ತಿದ್ದ ಹಾಗೆ ಎರಡೂ ಹೆಗಲು ಹಿಡಿದು ನೆಟ್ಟಗೆ ನಿಲ್ಲಿಸಿದಳು.

"ಇಲ್ಲಿ. ಅಲ್ಲಾಡಬೇಡ" ಎಂದು ಕುರ್ಚಿಯಲ್ಲಿ ಕೂತು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, "ಹಾಕಮ್ಮಾ" ಎಂದಳು ತಮ್ಮನ ಹೆಂಡತಿಗೆ.

ಮಿಂಚು ಮತ್ತೆ ಎದ್ದಿತು. ಅವನು ಅದರ ಕಡೆ ತಿರುಗಲೂ ಇಲ್ಲ, ಉಸಿರು ಬಿಗಿಹಿಡಿದು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ. ಅಕ್ಕ ಬೋಳು ಗೋಡೆಯನ್ನು ನೋಡುತ್ತ ನೋಡುತ್ತ ಇದ್ದಕ್ಕಿದ್ದಂತೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ಏನೋ ಇದು!" ಎಂದು ಆ ಗದ್ದಲದ ಮೇಲೆ ಕೂಗಿದಳು. "ತಲೆಯೆಲ್ಲ ಇಷ್ಟು ಬೆಳ್ಳಗಾಗಿದೆಯಲ್ಲೋ ನಿನಗೆ!"